ಸೂರ್ಯನ ಗುರುತು, ಮಂಜಿನ ಗುರುತು

ನೈರೋಬಿಯಲ್ಲಿ ಚಳಿ ಎಂದರೆ ಮೈಸೂರಿನ ನೆಂಟರು ನಗುತ್ತಾರೆ. ಆಫ್ರಿಕಾ ಎಂದರೆ ಅವರಿಗೆ ಬರೀ ಬಿಸಿಲು, ಸಿಂಹ. ಜುಲೈ ತಿಂಗಳಲ್ಲಿ ಬಂದು ರಿವರ್‌ಸೈಡಿನ ನಮ್ಮ ಫ್ಲ್ಯಾಟಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು ನೋಡಲಿ ಎಂದು ನನಗೆ ಸಿಟ್ಟೇ ಬರುತ್ತದೆ. ವಾರಗಟ್ಟಲೆ ಸೂರ್ಯ ಮುಖ ತೋರಿಸುವುದಿಲ್ಲ. ಮನೆ ಬೆಚ್ಚಗಾಗಿಸುವ ವ್ಯವಸ್ಥೆಯೂ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸ್ವೆಟರ್ ಹಾಕಿಕೊಂಡು ಆಗಸ್ಟ್ ಮುಗಿಯುವುದನ್ನು ಕಾಯುವುದೇ ಎಲ್ಲರ ಪದ್ಧತಿ.

ನನ್ನ ಗಂಡ ವಿಮಾನ ನಿಲ್ದಾಣದ ಹತ್ತಿರದ ಎಂಬಕಸಿಯಲ್ಲಿ, ಪರದೇಶಕ್ಕೆ ವಿಮಾನ ಹತ್ತುವ ಗುಲಾಬಿಗಳನ್ನಿಡುವ ಕೋಲ್ಡ್ ಸ್ಟೋರೇಜಿನ ಇಂಜಿನಿಯರ್ ಆಗಿದ್ದರು. ಚಳಿಯ ಜೊತೆಯಲ್ಲೇ ಬದುಕಿದ ಮನುಷ್ಯ. ಅಂಥವರಿಗೆ ಕ್ಯಾನ್ಸರ್ ಬಂದ ಮೇಲೆ ಚಳಿ ತಡೆಯಲಾಗುತ್ತಿರಲಿಲ್ಲ. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. ಕಡೆಗೆ ತಾವೇ ಹೇಳಿ ಮಲಗುವ ಕೋಣೆಗೆ ಒಂದು ಯಂತ್ರ ಹಾಕಿಸಿದರು. ಹಾಕಲು ಬಂದವರು ಅದನ್ನು ಎಸಿ ಎಂದರು. ಇವರು ಮಾತ್ರ ಹೀಟ್ ಪಂಪ್ ಎಂದೇ ಕರೆದರು.

"ಹೊರಗೇ ಇಷ್ಟು ಚಳಿ. ಅಲ್ಲಿಂದ ಏನ್ ಶಾಖ ತರತ್ತೆ ಇದು?" ಎಂದೆ.

"ಫ್ರಿಜ್ ಹಿಂದೆ ಕೈ ಇಟ್ಟು ನೋಡು ಹೋಗು" ಎಂದರು. ಇಟ್ಟೆ. ಬೆಚ್ಚಗಿತ್ತು. "ಒಳಗಿರೋ ಹಾಲು, ತರಕಾರಿದು ಕಣೇ ಆ ಶಾಖ. ತಣ್ಣಗಿದೆ ಅಂದ್ರೆ ಶಾಖ ಇಲ್ಲ ಅಂತಲ್ಲ, ಕಮ್ಮಿ ಇದೆ ಅಂತ ಅಷ್ಟೆ."

ಬಾಲ್ಕನಿಯಲ್ಲಿ ಕೂರಿಸಿದ್ದ ಯಂತ್ರದ ಹೊರಪೆಟ್ಟಿಗೆಯೊಳಗೆ ಒಂದು ದ್ರವ ಹರಿಯುತ್ತದಂತೆ. ಅದೆಷ್ಟು ತಣ್ಣಗೆಂದರೆ, ನೈರೋಬಿಯ ಚಳಿಗಾಳಿಯೂ ಅದಕ್ಕೆ ಬೆಚ್ಚಗೆ. ಆ ಗಾಳಿಯ ಶಾಖ ಹೀರಿ ಕುದಿದು ಅನಿಲವಾಗುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹಿಂಡಿದಾಗ, ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಬಿಸಿಯಾಗುವ ಹಾಗೆ, ಬಿಸಿಯೇರುತ್ತದೆ. ಆ ಬಿಸಿಯನ್ನು ಕೋಣೆಗೆ ಕೊಟ್ಟು, ಮತ್ತೆ ದ್ರವವಾಗಿ ಹೊರಗೆ ಹೋಗುತ್ತದೆ. ಕರೆಂಟು ಬೇಕಾಗುವುದು ಶಾಖ ಹುಟ್ಟಿಸಲಿಕ್ಕಲ್ಲ, ಸಾಗಿಸಲಿಕ್ಕೆ.

"ಇಷ್ಟು ವರ್ಷ ಗುಲಾಬಿಗಳಿಂದ ಶಾಖ ಕಿತ್ತು ಹೊರಗೆ ಹಾಕ್ತಿದ್ದೆ. ಈಗ ಹೊರಗಿಂದ ಕಿತ್ತು ನನಗೆ ಹಾಕ್ಕೋತಿದೀನಿ" ಎಂದು ನಕ್ಕರು. ಆವತ್ತು ಬಹಳ ದಿನದ ಮೇಲೆ ಕಾಲುಚೀಲ ತೆಗೆದು ಮಲಗಿದರು. ಬರಿಯ ಪಾದ ನೋಡಿ ನನಗೆ ಕಣ್ಣು ತುಂಬಿ ಬಂತು.

ರಿಮೋಟಿನಲ್ಲಿ ಸೂರ್ಯನ ಗುರುತು ಒತ್ತಿದರೆ ಬಿಸಿ, ಮಂಜಿನ ಹರಳಿನ ಗುರುತು ಒತ್ತಿದರೆ ತಂಪು. ಒಳಗೊಂದು ವಾಲ್ವ್ ತಿರುಗಿದರೆ ಸಾಕು, ಎಲ್ಲ ಉಲ್ಟಾ. "ಸೂರ್ಯ ಒಂದೇ ನಿನ್ನದು. ಇನ್ನೊಂದನ್ನ ಮುಟ್ಟಬೇಡ" ಎಂದು ತಾಕೀತು ಮಾಡಿದ್ದರು. ನಮ್ಮ ಜಗಳವಿದ್ದದ್ದು ಮುಸ್ಸಂಜೆಯಲ್ಲಿ. ದೀಪ ಹಚ್ಚಿ, ಲಕ್ಷ್ಮಿ ಬರಲೆಂದು ಮುಂಬಾಗಿಲು ತೆರೆದಿಡುವವಳು ನಾನು. "ಲಕ್ಷ್ಮಿ ಬರೋಷ್ಟರಲ್ಲಿ ನನ್ನ ಶಾಖ ಎಲ್ಲ ಲಿಫ್ಟ್ ಹತ್ತಿ ಇಳಿದುಹೋಗತ್ತೆ!" ಎಂದು ಒಳಗಿಂದ ಕೂಗುತ್ತಿದ್ದರು. ಕೋಣೆಯ ಬಾಗಿಲು ಮುಚ್ಚಿಯೇ ಮುಂಬಾಗಿಲು ತೆರೆಯಬೇಕೆಂದು ಕೊನೆಗೆ ರಾಜಿಯಾಯಿತು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ಅವರು ಏಳಲಿಲ್ಲ. ಕೋಣೆ ಬೆಚ್ಚಗಿತ್ತು. ಅವರ ಕೈಯೂ ಬೆಚ್ಚಗಿತ್ತು. ಅದಕ್ಕೇ ನಂಬಲು ನನಗೆ ಹೊತ್ತು ಹಿಡಿಯಿತು.

ಎದುರು ಮನೆಯ ಮಂಗಳೂರಿನ ಡಾಕ್ಟರು ಬಂದು ನೋಡಿ ತಲೆಯಾಡಿಸಿದರು. ನೆಲಕ್ಕಿಳಿಸಿ ತಲೆಯ ಹತ್ತಿರ ದೀಪ ಇಟ್ಟೆವು. ಮೊಂಬಾಸದಲ್ಲಿರುವ ಮಗಳು ಬರಬೇಕಿತ್ತು. ಅವಳು ಅಪ್ಪನ ಮುಖ ನೋಡದೆ ಎತ್ತುವ ಹಾಗಿರಲಿಲ್ಲ. ಡಾಕ್ಟರು ಸಂಕೋಚದಿಂದ, "ಅಕ್ಕಾ, ಅವಳು ಬರುವವರೆಗೆ ಇಡ್ಬೇಕಲ್ಲಾ. ರೂಮು ತಂಪು ಮಾಡ್ಬೇಕು" ಎಂದರು.

ಮುಟ್ಟಬೇಡ ಎಂದಿದ್ದ ಗುರುತನ್ನು ಒತ್ತಿದೆ. ಯಂತ್ರ ಒಂದು ಗಳಿಗೆ ಸುಮ್ಮನಾಗಿ, ಉಸ್ ಎಂದು ತಿರುಗಿತು. ದೀಪದ ಕುಡಿ ಅಲುಗಾಡಿತು. ಬಾಲ್ಕನಿಗೆ ಹೋಗಿ ಪೆಟ್ಟಿಗೆಯ ಮುಂದೆ ಕೈ ಹಿಡಿದೆ. ಇಷ್ಟು ದಿನ ತಣ್ಣಗೆ ಊದುತ್ತಿದ್ದದ್ದು ಈಗ ಬೆಚ್ಚಗೆ ಊದುತ್ತಿತ್ತು. ಅವರಿಗೆಂದು ತಂದಿದ್ದ ಶಾಖವನ್ನೆಲ್ಲ ನಾನೇ ಹೊರಗೆ ಹಾಕುತ್ತಿದ್ದೆ. ಅಲ್ಲಿ ನಿಂತು ಜೋರಾಗಿ ಅತ್ತೆ.

ಮಧ್ಯಾಹ್ನ ಮಗಳು ಬಂದಳು. ಅಪ್ಪನ ಪಾದ ಮುಟ್ಟಿ, ಕೈ ಹಿಂದೆಳೆದುಕೊಂಡು ನನ್ನ ಕಡೆ ತಿರುಗಿದಳು.

"ಅಮ್ಮಾ, ವೈ ಈಸ್ ಇಟ್ ಸೋ ಕೋಲ್ಡ್? ಹೀಟ್ ಆನ್ ಮಾಡು, ಪ್ಲೀಸ್. ಅಪ್ಪಂಗೆ ಚಳಿ."

ಬೀರುವಿನಿಂದ ಅವರ ಉಣ್ಣೆಯ ಶಾಲು ತಂದೆ. ಶಾಲು ಶಾಖ ಕೊಡುವುದಿಲ್ಲ, ಮೈಯಲ್ಲಿರುವುದನ್ನು ಹಿಡಿದಿಡುತ್ತದೆ ಅಷ್ಟೆ ಎಂದು ಹೇಳಿಕೊಟ್ಟವರು ಅವರೇ. ಆದರೂ ತಾಯಿ ಮಗಳು ಸೇರಿ ಅದನ್ನು ಅವರ ಕುತ್ತಿಗೆಯವರೆಗೆ ಹೊದಿಸಿದೆವು.