ಪೆಟ್ಟಿಗೆಗೆ ಹೊದಿಸಿದ ಕಂಬಳಿ

ಬಲಸಮುದ್ರ ಊರಿನ ಅಂಚಿನ ಬಯಲಲ್ಲಿ ಸೋಲಾರ್ ಫಲಕಗಳು ನಿಂತ ಮೇಲೆ ಕೆಂಪಕ್ಕನ ಕುರಿಗಳಿಗೆ ಉಳಿದದ್ದು ಮೊಬೈಲ್ ಟವರಿನ ಪಕ್ಕದ ತುಂಡು ನೆಲ. ಹುಟ್ಟಿದ್ದು, ಮದುವೆಯಾಗಿ ಬಾಳಿದ್ದು ಎಲ್ಲವೂ ಕುರಿಹಟ್ಟಿಗಳಲ್ಲೇ. ಐವತ್ತು ದಾಟಿದ ಆಕೆಗೆ ಬೇರೆ ಕಸುಬು ಗೊತ್ತಿಲ್ಲ. ಟವರಿನ ಪಕ್ಕದಲ್ಲೇ ಜಾಲಿಮುಳ್ಳಿನ ಬೇಲಿಯ ರೊಪ್ಪ ಕಟ್ಟಿ ಕುರಿ ಕೂಡಿಹಾಕಿದಳು.

ಪುಷ್ಯದ ಚಳಿಗೆ ಎಳೆಮರಿಗಳು ಸಾಯತೊಡಗಿದಾಗ ಕಣ್ಣಿಗೆ ಬಿದ್ದದ್ದು ಟವರಿನ ಬುಡದ ಪೆಟ್ಟಿಗೆ. ಫೋನ್ ಕರೆಗಳನ್ನು ಹಿಡಿಯುವ ಹೊಸ ರಿಸೀವರ್ ಕೂರಿಸಿದಾಗಿನಿಂದ ಅದರ ಜಾಲರಿಯಲ್ಲಿ ಹಗಲಿರುಳೂ ಬಿಸಿಗಾಳಿ. ಮರಿಗಳನ್ನು ಅದಕ್ಕೆ ಒತ್ತಿ ಮಲಗಿಸಿದಳು; ಆಮೇಲೆ ಒಂದೂ ಸಾಯಲಿಲ್ಲ. ಒಂದು ಸಂಜೆ, ಬಾಣಂತಿಯನ್ನು ಬೆಚ್ಚಗಿಡುವ ರೂಢಿಯಂತೆ, ಮರಿಗಳ ಜೊತೆಗೆ ಪೆಟ್ಟಿಗೆಗೂ ಕಂಬಳಿ ಹೊದಿಸಿದಳು. ಗಾಳಿಯಾಡದೆ ಕಾದ ರಿಸೀವರ್ ನಿಂತೇಹೋಯಿತು.

ಬೆಳಿಗ್ಗೆ ಕಂಪನಿಯ ಇಂಜಿನಿಯರ್ ಗೌರೀಶ್ ಬಂದ.

“ಏನಮ್ಮಾ, ಮಿಷಿನ್‌ಗೆ ಚಳಿ ಅಂತ ನಿಮಗ್ಯಾರು ಹೇಳಿದ್ದು?”

“ಅದ್ಯಾಕಪ್ಪ ಅದು ಅಂಗೆ ಕಾಯ್ತದೆ?”

“ಒಳಗೊಂದು ಚಿಪ್ ಇದೆ. ಗಾಳೀಲಿ ಬರೋ ಅಲೇನ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅಳೆದು ಅಂಕಿ ಮಾಡುತ್ತೆ. ಅಲೆ ಚುರುಕಾದಷ್ಟೂ ಅಳತೆ ಜಾಸ್ತಿ, ಕರೆಂಟೂ ಜಾಸ್ತಿ. ಆ ಕರೆಂಟೇ ಬಿಸಿಯಾಗೋದು.”

“ಯಾರೂ ಮಾತಾಡ್ದಿದ್ರೂ ಅಳೀತದಾ?”

“ಅಳೀತಾನೇ ಇರುತ್ತೆ.”

ಕೆಂಪಕ್ಕನ ಪಿತ್ತ ನೆತ್ತಿಗೇರಿತು. “ನಮ್ ಕುರಿ ಮೇಯೋ ನೆಲ ಕಿತ್ಕೊಂಡು ಕರೆಂಟ್ ಮಾಡ್ತೀರ. ಆ ಕರೆಂಟ್ ಉರಿಸಿ ಬರೀ ಗಾಳಿ ಅಳೀತೀರ. ನಮ್ ಮರಿ ಬೆಚ್ಚಗಾದ್ರೆ ಮಾತ್ರ ನಿಮಗೆ ತೊಂದ್ರೆ! ನಾಚ್ಕೆ ಆಗಲ್ವೇನ್ಲಾ?”

ಗೌರೀಶ್ ರಿಸೀವರನ್ನು ಮತ್ತೆ ಚಾಲೂ ಮಾಡಿ, ಕಂಬಳಿ ಮಡಿಸಿ ಆಕೆಯ ಕೈಗಿಟ್ಟ. ಮರಿಗಳು ಮಲಗಲಿ, ಜಾಲರಿ ಮುಚ್ಚದಿದ್ದರೆ ಸಾಕು ಎಂದು ತನ್ನ ನಂಬರ್ ಕೊಟ್ಟು ಹೋದ.

ವಾರ ಕಳೆಯುವಷ್ಟರಲ್ಲಿ ಪೆಟ್ಟಿಗೆ ತಣ್ಣಗಾಯಿತು. ನಸುಕಿನಲ್ಲಿ ಒಂದು ಮರಿ ಸೆಟೆದು ಬಿದ್ದಿತ್ತು. ಫೋನಿನಲ್ಲಿ ಗೌರೀಶ್ ವಿವರಿಸಿದ: ವಿದ್ಯುತ್ ಉಳಿಸಲು ಕಂಪನಿ ಹೊಸ ಏರ್ಪಾಡು ಮಾಡಿದೆ, ಕರೆ ಇಲ್ಲದಾಗ ಚಿಪ್ ಮಲಗುತ್ತದೆ, ಆ ಟವರಿನ ಮೂಲಕ ಯಾರಾದರೂ ಮಾತಾಡಿದರೆ ಎದ್ದು ಮತ್ತೆ ಕಾಯುತ್ತದೆ.

ಬರೀ ಗಾಳಿ ಅಳೀತೀರೆಂದು ತಾನು ಬೈದದ್ದು ಕೊನೆಗೆ ಮರಿಯ ಮೇಲೇ ಬಂತಲ್ಲ ಎಂದುಕೊಂಡು ಕೆಂಪಕ್ಕ ಸತ್ತ ಮರಿಯನ್ನು ಹೂತಳು.

ಮರುದಿನ ಕೋಳಿ ಕೂಗುವ ಮುಂಚೆ ಗೌರೀಶನ ಫೋನ್ ಹೊಡೆದುಕೊಂಡಿತು.

“ಯಾರು, ಇಷ್ಟೊತ್ತಿಗೆ?”

“ನಾನು ಕಣಪ್ಪ, ಕೆಂಪಕ್ಕ.”

“ಏನಾಯ್ತಮ್ಮಾ?”

“ಏನೂ ಆಗಿಲ್ಲ. ಫೋನ್ ಮಾತ್ರ ಮಡಗ್ಬ್ಯಾಡ. ಬಿಸ್ಲು ಬರೋಗಂಟ ಮಾತಾಡ್ತಾ ಇರು, ಮರಿ ಬೆಚ್ಚಗಾಗ್ಲಿ.”