ಬಾಗಿಲು ತೆಗೆಯುವ ಹೆಜ್ಜೆ

ಸಿನಿಮಾದಲ್ಲಿ ನಾಯಕಿ ಮೆಟ್ಟಿಲಿಳಿದು ಬರುವಾಗ ಕೇಳುವ ಟಕ್ ಟಕ್ ಸದ್ದು ಅವಳ ಕಾಲಿನದೇ ಎಂದು ನಂಬಿರುವ ಪುಣ್ಯಾತ್ಮರು ಇನ್ನೂ ಇದ್ದಾರೆ. ಅವರೆಲ್ಲ ಒಮ್ಮೆ ಸದ್ದಕ್ಕನನ್ನು ನೋಡಬೇಕು. ಐವತ್ತರ ಹತ್ತಿರದ, ದುಂಡು ದುಂಡಗಿನ ಹೆಂಗಸು. ಸ್ಟುಡಿಯೋದ ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಮರದ ಹಲಗೆಯ ಮೇಲೆ ನಿಂತು, ಎದುರಿನ ಪರದೆಯಲ್ಲಿ ಓಡುವ ಚಿತ್ರ ನೋಡುತ್ತ, ನಿಂತಲ್ಲೇ ನಡೆಯುತ್ತಾಳೆ. ಬಳುಕುವ ನಾಯಕಿ, ಕುಂಟುವ ಅಜ್ಜಿ, ಬೂಟಿನ ಪೊಲೀಸು, ಕದ್ದು ಬರುವ ಕಳ್ಳ, ಎಲ್ಲರ ಕಾಲೂ ಅವಳದೇ. ಮೂಳೆ ಮುರಿಯಬೇಕಾದರೆ ಹಸಿ ಮೂಲಂಗಿ ಮುರಿಯುತ್ತಾಳೆ, ಖಳನಿಗೆ ಗುದ್ದಬೇಕಾದರೆ ಎಲೆಕೋಸಿಗೆ ಗುದ್ದುತ್ತಾಳೆ. ಹೊಡೆದಾಟದ ಚಿತ್ರ ಬಂತೆಂದರೆ ಮಗಳು ಮುಖ ಸಿಂಡರಿಸುತ್ತಾಳೆ, ಯಾಕೆಂದರೆ ಆ ವಾರವೆಲ್ಲ ಮನೆಯಲ್ಲಿ ಗುದ್ದು ತಿಂದ ಎಲೆಕೋಸಿನದೇ ಊಟ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಎಲ್ಲಿಗೂ ತಲುಪದ ಮನುಷ್ಯ ಎಂದು ಮಗಳು ಗೇಲಿ ಮಾಡುವುದುಂಟು. ಒಳ್ಳೆಯವನೇ, ಆದರೆ ಬೀಗದಕೈ ಮಾತ್ರ ಅವನ ಕೈಯಲ್ಲಿ ನಿಲ್ಲದು. ಈ ಮನೆಗೆ ಬಂದ ಹೊಸದರಲ್ಲಿ, ಆಗ ಚಿಕ್ಕವಳಾಗಿದ್ದ ಮಗಳು ತನ್ನ ಆಟಿಕೆಯ ತಗಡಿನ ಮೀನೊಂದನ್ನು ಬೀಗದಕೈಗೆ ಕಟ್ಟಿಕೊಟ್ಟಿದ್ದಳು. ಒಂದು ತಿಂಗಳೂ ಆಗಿರಲಿಲ್ಲ, ಲಿಫ್ಟಿನ ಗುಂಡಿಗೆ ಬಿತ್ತು ಎಂದು ಜೋಲು ಮುಖ ಹಾಕಿಕೊಂಡು ಬಂದ. ಆಮೇಲೆ ಮಾಡಿಸಿಕೊಟ್ಟದ್ದೂ ಹಾಗೇ ಮಾಯವಾಯಿತು. ಸದ್ದಕ್ಕ ಕೈಮುಗಿದು ಸುಮ್ಮನಾದಳು. ಅಂದಿನಿಂದ ಸಂಜೆ ಅವನು ಬೆಲ್ ಬಾರಿಸುತ್ತಾನೆ, ಅವಳು ಎದ್ದು ಹೋಗಿ ಬಾಗಿಲು ತೆಗೆಯುತ್ತಾಳೆ.

ಇಂಥ ಸದ್ದಕ್ಕನ ಬಳಿಗೆ ಒಬ್ಬ ಹೊಸ ನಿರ್ದೇಶಕಿ ಬಂದಳು. ಅವಳ ಕತೆಯಲ್ಲಿ ಒಬ್ಬಂಟಿ ಗಂಡಸೊಬ್ಬನಿಗೆ ಮೇಲಿನ ಮನೆಯಿಂದ ದಿನವೂ ಒಬ್ಬ ಹೆಂಗಸಿನ ಹೆಜ್ಜೆ ಕೇಳುತ್ತದೆ. ಮುಖ ಕಂಡಿಲ್ಲ, ಮಾತು ಕೇಳಿಲ್ಲ. ಆದರೂ ಅವನು ಆ ಹೆಜ್ಜೆಗೆ ಮನಸೋಲುತ್ತಾನೆ. ಮೇಜಿನ ಮೇಲೆ ಹತ್ತಿ ಚಾವಣಿಗೆ ಕಿವಿಗೊಟ್ಟು ನಿಲ್ಲುತ್ತಾನೆ, ಕೆಲಸ ಬಿಡುತ್ತಾನೆ, ಊಟ ನಿದ್ದೆ ಬಿಡುತ್ತಾನೆ, ಕೊನೆಗೆ ಬುದ್ಧಿಯನ್ನೂ ಬಿಡುತ್ತಾನೆ.

“ಆ ಹೆಂಗಸು ಪರದೆ ಮೇಲೆ ಬರೋದೇ ಇಲ್ಲ ಅಕ್ಕ. ಬರೀ ಹೆಜ್ಜೆ. ನೀವೇ ನಮ್ಮ ನಾಯಕಿ,” ಎಂದಳು ನಿರ್ದೇಶಕಿ.

ಸದ್ದಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟು ವರ್ಷ ಮುಖ ಯಾರದೋ, ಕಾಲು ಇವಳದು. ಚಪ್ಪಾಳೆಯೆಲ್ಲ ಮುಖಕ್ಕೇ ಹೋಗುತ್ತಿತ್ತು. ಮೊದಲ ಸಲ ಅವಳ ಹೆಜ್ಜೆಯ ಮೇಲೆ ಯಾರ ಮುಖವನ್ನೂ ಅಂಟಿಸುವುದಿಲ್ಲ. ಈ ಚಿತ್ರ ತನಗೆ ಬೇಕೇ ಬೇಕು ಎಂದು ಅವಳಿಗೆ ಚಿಕ್ಕ ಮಕ್ಕಳ ಹಾಗೆ ಆಸೆಯಾಯಿತು.

ಆದರೆ ಮೊದಲ ದಿನವೇ ಎಡವಟ್ಟು. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ, ಸೊಂಟವನ್ನೂ ಒಂದಿಷ್ಟು ಕುಣಿಸಿ ನಡೆದಳು. ನಿರ್ದೇಶಕಿ ಕೇಳಿ ಕೇಳಿ ಕೊನೆಗೆ ಮೆಲ್ಲಗೆ ಹೇಳಿದಳು: “ಚೆನ್ನಾಗಿದೆ ಅಕ್ಕ. ಆದ್ರೆ ಇದಕ್ಕೆ ಯಾರಾದ್ರೂ ಹುಚ್ಚರಾಗ್ತಾರಾ?” ಇನ್ನೊಂದು ಮಾತನ್ನೂ ಸಂಕೋಚದಿಂದಲೇ ಹೇಳಿದಳು. ತಿಂಗಳು ಮುಗಿಯುವುದರೊಳಗೆ ಸರಿಹೋಗದಿದ್ದರೆ ಕಂಪ್ಯೂಟರಿನಲ್ಲಿ ಸಿದ್ಧವಾಗಿರುವ ಹೆಜ್ಜೆಗಳನ್ನೇ ಹಾಕಬೇಕಾಗುತ್ತದೆ.

ಕಂಪ್ಯೂಟರಿಗೆ ಕಾಲೆಲ್ಲಿದೆ ಎಂದು ಗೊಣಗಿಕೊಂಡು ಸದ್ದಕ್ಕ ಸ್ಟುಡಿಯೋದ ಹಳೇ ಚಪ್ಪಲಿಗಳ ಮೂಟೆಯನ್ನೇ ಮನೆಗೆ ಹೊತ್ತು ತಂದಳು. ಮನೆ ಮಾಳಿಗೆಯ ಮೇಲಿನದು, ಮರದ ನೆಲ. ಅಭ್ಯಾಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಸ್ಟುಡಿಯೋದಿಂದ ಬಂದವಳೇ ಚೂಪು ಹಿಮ್ಮಡಿ, ದಪ್ಪ ಹಿಮ್ಮಡಿ, ರಬ್ಬರು, ತೊಗಲು ಎಂದು ಒಂದಾದ ಮೇಲೊಂದು ಮೆಟ್ಟಿಕೊಂಡು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೆದದ್ದೇ ನಡೆದದ್ದು. ಒಲೆಯ ಮೇಲೆ ಹಾಲು ಉಕ್ಕಿದರೂ ಅವಳಿಗೆ ಪರಿವೆಯಿಲ್ಲ. “ಅಮ್ಮಾ, ಸಿನಿಮಾದಲ್ಲಿ ಹುಚ್ಚು ಹಿಡಿಯೋದು ಕೆಳಗಿನ ಮನೆಯವನಿಗೆ, ಮೇಲಿನ ಮನೆಯವಳಿಗಲ್ಲ,” ಎಂದಳು ಮಗಳು.

ಕೆಳಗಿನ ಮನೆಯವನು ನಿಜಕ್ಕೂ ಒಬ್ಬನಿದ್ದ, ಅವನೇ ತಪ್ಪುಮಾಮ. ಜೀವಮಾನವೆಲ್ಲ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತನಾದ ಬ್ರಹ್ಮಚಾರಿ. ಸೈಕಲ್ ನಿಲ್ಲಿಸಿದ್ದರಲ್ಲಿ ತಪ್ಪು, ಬಟ್ಟೆ ಒಣಗಿಸಿದ್ದರಲ್ಲಿ ತಪ್ಪು. ಕರಡಿನಲ್ಲಿ ತಪ್ಪೆಂದು ಹೊಡೆದ ಸಾಲು ಸರಿಯೇ ಇತ್ತೆಂದು ಕಂಡರೆ ಅದರ ಪಕ್ಕ ‘ಇರಲಿ’ ಎಂದು ಬರೆಯುವ ಪದ್ಧತಿಯಂತೆ. ಆದರೆ ಅವನ ಬಾಯಿಂದ ಆ ಮಾತು ಕೇಳಿದವರು ಆ ಬೀದಿಯಲ್ಲೇ ಇಲ್ಲ. ಚಪ್ಪಲಿ ಮೂಟೆ ಬಂದ ಸಂಜೆಯೇ ಅವನು ಮೇಲೆ ಹತ್ತಿ ಬಂದ.

“ಏನಮ್ಮಾ ಇದು, ಮನೆಯೋ ಕವಾಯತು ಮೈದಾನವೋ?”

“ಕೆಲಸ ಮಾಮ. ಹುಚ್ಚು ಹಿಡಿಸೋ ಹೆಜ್ಜೆ ಬೇಕಂತೆ.”

“ನನಗೆ ಆಗಲೇ ಹಿಡಿದಿದೆ. ಸಾಕು ಮಾಡು.”

ಆದರೆ ತಪ್ಪು ಕಂಡಮೇಲೆ ತಿದ್ದದೆ ಬಿಡುವ ಜೀವವಲ್ಲ ಅದು. ಮರುದಿನದಿಂದ ದೂರುವುದನ್ನು ಬಿಟ್ಟು ಸಲಹೆ ಕೊಡಲು ಬರತೊಡಗಿದ. ನಿನ್ನೆಯದರಲ್ಲಿ ಬಿಂಕ ಜಾಸ್ತಿ, ಇವತ್ತಿನದು ಬಡ್ಡಿ ವಸೂಲಿಗೆ ಹೊರಟವರ ನಡಿಗೆ, ಈಗ ನಡೆದದ್ದಂತೂ ಬಾತುಕೋಳಿಯೇ. ಮೂಟೆ ಬರಿದಾಯಿತು, ತಿಂಗಳೂ ಮುಗಿಯುತ್ತ ಬಂತು. ಒಂದು ಸಂಜೆ ಸದ್ದಕ್ಕ ಚಪ್ಪಲಿಗಳ ನಡುವೆ ಬರಿಗಾಲಿನಲ್ಲಿ, ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟಳು. ಇದ್ದದ್ದೊಂದು ಅವಕಾಶ ಕೈಜಾರಿತಲ್ಲ ಎಂದು ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಬೆಲ್ ಆಯಿತು. ಕಣ್ಣೊರೆಸಿಕೊಂಡು ಎದ್ದು ಹೋಗಿ ಬಾಗಿಲು ತೆಗೆದಳು.

ಗಂಡ ಒಳಗೆ ಕಾಲಿಟ್ಟಿದ್ದನೋ ಇಲ್ಲವೋ, ಅವನ ಬೆನ್ನಿಗೇ ತಪ್ಪುಮಾಮ ಏದುಸಿರು ಬಿಡುತ್ತ ಓಡಿ ಬಂದ.

“ಈಗ ನಡೆದದ್ದು ಯಾರು?”

“ನಾನೇ ಮಾಮ. ಇವರಿಗೆ ಬಾಗಿಲು ತೆಗೆಯೋಕೆ ಹೋದೆ.”

“ಅದೇ! ಅದೇ ಹೆಜ್ಜೆ! ಇಷ್ಟು ವರ್ಷದಿಂದ ದಿನಾ ಸಂಜೆ ಕೇಳ್ತಾ ಇದೀನಿ. ಅದರ ಮೇಲೆ ಯಾವತ್ತಾದ್ರೂ ದೂರು ಹೇಳಿದೀನಾ? ಮೊದಲು ಬೇಗ ಬೇಗ ಬರ್ತೀಯ. ಬಾಗಿಲ ಹತ್ತಿರ ಬಂದಮೇಲೆ ನಿಧಾನ ಮಾಡ್ತೀಯ, ನಂಗೇನೂ ಅವಸರ ಇಲ್ಲ ಅನ್ನೋ ಹಾಗೆ.”

ಸದ್ದಕ್ಕನ ಮುಖ ಕಿವಿಯವರೆಗೂ ಕೆಂಪಾಯಿತು. ಊರಿನವರ ಹೆಜ್ಜೆಯೆಲ್ಲ ಬಾಯಿಪಾಠವಿದ್ದವಳಿಗೆ ತನ್ನ ಹೆಜ್ಜೆಯೇ ಗೊತ್ತಿರಲಿಲ್ಲ. ಗಂಡ ಮಾತ್ರ ಏನೂ ಕೇಳಿಸದವನಂತೆ ಬಗ್ಗಿ ಶೂ ಲೇಸು ಬಿಚ್ಚುತ್ತಿದ್ದ.

ಮರುದಿನ ಸ್ಟುಡಿಯೋದಲ್ಲಿ ಹಾಗೇ ನಡೆಯಲು ಹೋದರೆ ಬರಲೇ ಇಲ್ಲ. ಬೇಕೆಂದೇ ಅವಸರ, ಬೇಕೆಂದೇ ನಿಧಾನ, ಎಲ್ಲ ನಾಟಕವಾಗಿ ಕೇಳಿಸಿತು. ಕೊನೆಗೆ ಗಂಡನನ್ನೇ ಕರೆಸಬೇಕಾಯಿತು. ಅವನೋ ಎರಡು ತಿರುಪು ಕಿತ್ತು ಮನೆಯ ಬೆಲ್ಲನ್ನೂ ಬಿಚ್ಚಿಕೊಂಡು ಬಂದು, ಕೋಣೆಯ ದಪ್ಪ ಬಾಗಿಲಿನ ಹೊರಗೆ ಉಪಕರಣದ ಚೀಲ ಹಿಡಿದು ನಿಂತ. ಸದ್ದಕ್ಕ ಬರಿಗಾಲಿನಲ್ಲಿ ಹಲಗೆಯ ಆ ತುದಿಗೆ ಕುಳಿತಳು. ಅವನು ಬೆಲ್ ಬಾರಿಸಿದ. ಅವಳು ಎದ್ದು ಹೋದಳು.

ನಿರ್ದೇಶಕಿ ಬಾಯಿಗೆ ಕೈ ಇಟ್ಟುಕೊಂಡಳು. “ಅಕ್ಕ,” ಎಂದಳು, “ಇದು ತನಗಾಗಿ ಬರ್ತಿದೆ ಅಂದ್ಕೊಂಡ್ರೆ ಯಾವನಿಗಾದ್ರೂ ತಲೆ ಕೆಡುತ್ತೆ.”

ಚಿತ್ರ ತೆರೆ ಕಂಡ ದಿನ ಸದ್ದಕ್ಕ, ಗಂಡ, ಮಗಳು, ತಪ್ಪುಮಾಮ ನಾಲ್ವರೂ ಹೋದರು. ಚಿತ್ರಮಂದಿರ ಉಸಿರು ಬಿಗಿಹಿಡಿದಿತ್ತು. ಪರದೆಯ ಮೇಲೆ ಗಡ್ಡ ಬೆಳೆದ ನಾಯಕ ಮೇಜು ಹತ್ತಿ, ಕಣ್ಣು ಕೆಂಪಗೆ ಮಾಡಿಕೊಂಡು, ಚಾವಣಿಗೆ ಕೆನ್ನೆಯೊತ್ತಿ ನಿಂತಿದ್ದ. ಆಗ ಬಂತು ಹೆಜ್ಜೆ. ಬೇಗ ಬೇಗ, ಆಮೇಲೆ ನಿಧಾನ. ಮುಂದಿನ ಸಾಲಿನ ಹೆಂಗಸೊಬ್ಬಳು ಹೆದರಿ ಪಕ್ಕದವಳ ತೋಳು ಹಿಡಿದಳು.

ಸದ್ದಕ್ಕನ ಪಕ್ಕದಲ್ಲಿ ಗಂಡ, ಮನೆಗೆ ಬಂದವನ ಹಾಗೆ, ಕತ್ತಲಲ್ಲೇ ಬಗ್ಗಿ ಶೂ ಲೇಸು ಬಿಚ್ಚತೊಡಗಿದ್ದ.

ಬಗ್ಗಿದ್ದೇ ತಡ, ಜೇಬಿನಿಂದ ಏನೋ ಜಾರಿ ಟಿಣ್ ಎಂದು ನೆಲಕ್ಕೆ ಬಿತ್ತು. ಸದ್ದಕ್ಕನಿಗೆ ಬೆಳಕು ಬೇಕಾಗಲಿಲ್ಲ. ಒಂದು ಬೀಗದಕೈ, ಅದರ ಜೊತೆಗೊಂದು ತಗಡಿನ ಮೀನು.

“ಏನದು ಬಿದ್ದಿದ್ದು?” ಎಂದು ಪಿಸುಗುಟ್ಟಿದಳು.

“ಏನಿಲ್ಲ, ಚಿಲ್ಲರೆ.”

“ಚಿಲ್ಲರೆಗೆ ಬಾಲ ಇರುತ್ತಾ? ಲಿಫ್ಟಿನ ಗುಂಡಿಗೆ ಬಿದ್ದಿತ್ತಲ್ಲ?”

ಅವನು ಲೇಸು ಬಿಟ್ಟು ನೆಟ್ಟಗೆ ಕುಳಿತ. ಪರದೆಯ ಮೇಲೆ ನಾಯಕ ತಲೆ ಚಚ್ಚಿಕೊಂಡು ಕಿರುಚುತ್ತಿದ್ದ.

“ನನ್ನ ಹತ್ರ ಬೀಗದಕೈ ಇದ್ದಿದ್ರೆ ನೀನು ಎದ್ದು ಬರ್ತಿದ್ಯಾ?” ಎಂದ.

ಇಡೀ ಚಿತ್ರಮಂದಿರ ನಡುಗುತ್ತಿದ್ದ ಆ ಗಳಿಗೆಯಲ್ಲಿ ಸದ್ದಕ್ಕ ಕಿಸಕ್ಕನೆ ನಕ್ಕಳು. ತಡೆಯಲು ಹೋದಷ್ಟೂ ನಗು ಜೋರಾಗಿ, ಕಣ್ಣಲ್ಲಿ ನೀರು ಬಂತು. ಸುತ್ತಲಿನವರು ತಿರುಗಿ ನೋಡಿದರು. “ಶ್! ಹೆಜ್ಜೆ ಕೇಳಬೇಕು,” ಎಂದು ಗದರಿದ ತಪ್ಪುಮಾಮ. ಅವಳು ಬೀಗದಕೈಯನ್ನು ತಡಕಿ ಹೆಕ್ಕಿ, ಗಂಡನ ಜೇಬಿಗೇ ವಾಪಸು ಹಾಕಿ, ಮೇಲಿಂದ ಗುಂಡಿಯನ್ನೂ ಹಾಕಿದಳು.

ಮಾರನೆಯ ಸಂಜೆ ಎಂದಿನ ಹಾಗೆ ಬೆಲ್ ಆಯಿತು, ಅವಳೂ ಹೋಗಿ ಬಾಗಿಲು ತೆಗೆದಳು. ಆಮೇಲೆ ಒಣಗಿದ ಬಟ್ಟೆ ತೆಗೆಯಲು ಕೆಳಗಿಳಿದಾಗ ತಪ್ಪುಮಾಮ ಅಡ್ಡಹಾಕಿದ.

“ಇವತ್ತು ಬಾಗಿಲ ಹತ್ತಿರ ನೀನು ನಿಧಾನ ಮಾಡಲಿಲ್ಲ. ಕೊನೇ ತನಕ ಓಡಿಕೊಂಡೇ ಹೋದೆ.”

“ತಪ್ಪಾಯ್ತಾ ಮಾಮ?”

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡ.

“ಇರಲಿ,” ಎಂದ.