ಬೇಸಿಲ್‌ನ ವಾಕರ್

ಐರಿನ್ ಸುಳ್ಳು ಹೇಳುವ ಹೆಂಗಸಲ್ಲ. ಆದರೆ ೨೦೦೬ರ ಚಳಿಗಾಲದಲ್ಲಿ ಗಂಡ ಬೇಸಿಲ್ ತೀರಿಕೊಂಡ ಮೇಲೆ, ಅವರು ವಲಸೆ ಬಂದು ನೆಲೆಸಿದ್ದ ಹೊರದೇಶದ ಊರು ವೆಸ್ಟೆರಾಸ್‌ನ ಆಸ್ಪತ್ರೆ ಸಲಕರಣೆಗಳ ಡಿಪೋದವರು ಫೋನು ಮಾಡಿದಾಗಲೆಲ್ಲ ಒಂದೊಂದು ನೆಪ ಹೇಳಿದಳು: ಹಿಮ ಬಿದ್ದಿದೆ, ಮೊಣಕಾಲು ನೋವು, ಮಗಳಿಗೆ ಪುರುಸೊತ್ತಿಲ್ಲ. ಅವರು ಕೇಳುತ್ತಿದ್ದುದು ಬೇಸಿಲ್ ಕೊನೆಯ ವರ್ಷ ಹಿಡಿದು ನಡೆದ ನಾಲ್ಕು ಗಾಲಿಯ ವಾಕರನ್ನು. ಅದು ಎರವಲಿನದು. ತೊಳೆದು, ರಿಪೇರಿ ಮಾಡಿ ಇನ್ನೊಬ್ಬರಿಗೆ ಕೊಡಬೇಕಾದದ್ದು.

ಬೇಸಿಲ್ ಬದುಕಿದ್ದರೆ ಮೊದಲ ಫೋನಿಗೇ ಒಪ್ಪಿಸಿ ಬರುತ್ತಿದ್ದ. ಮೊಸರಿನ ಖಾಲಿ ಡಬ್ಬಿಯನ್ನೂ ಎಸೆಯದ ಜಿಪುಣ ಅವನು. ಸರಕಾರದ ದುಡ್ಡಿನ ವಿಷಯದಲ್ಲಂತೂ ಕಡುಜಿಪುಣ. ಎರವಲು ತಂದದ್ದನ್ನು ಎಲ್ಲರೂ ಮನೆಯಲ್ಲೇ ಇಟ್ಟುಕೊಂಡರೆ ಆಸ್ಪತ್ರೆಯ ಖರ್ಚು ಯಾರ ತೆರಿಗೆಯಿಂದ ಬರಬೇಕು ಎಂದು ಊಟದ ಮೇಜಿನಲ್ಲಿ ಭಾಷಣ ಬಿಗಿಯುತ್ತಿದ್ದ. ಐರಿನ್‌ಗೆ ಅದೆಲ್ಲ ಗೊತ್ತು. ಆದರೆ ವಾಕರಿನ ಎಡಗಡೆಯ ರಬ್ಬರ್ ಹಿಡಿಕೆ ಅವನ ಹೆಬ್ಬೆರಳು ಒತ್ತಿ ಒತ್ತಿ ಗುಳಿಬಿದ್ದಿತ್ತು. ದಿನಾ ಕಾಫಿಗೆ ಇಡುವ ಮೊದಲು ಅವಳು ಆ ಗುಳಿಯಲ್ಲಿ ತನ್ನ ಹೆಬ್ಬೆರಳಿಟ್ಟು ನಿಲ್ಲುತ್ತಿದ್ದಳು. ಅವಳಿಗೆ ಅವನ ಕೈ ಬೇಕಿತ್ತು, ಬೇರೇನೂ ಬೇಡವಾಗಿತ್ತು.

ಕೊನೆಗೆ ಮಗಳು ರಿಯಾ ಮೆಲ್ಲಗೆ ಹೇಳಿದಳು. "ಮಮ್ಮಾ, ಯಾರೋ ಒಬ್ರು ಅದಿಲ್ದೆ ಬೆಡ್‌ನಲ್ಲೇ ವೇಟ್ ಮಾಡ್ತಿರ್ತಾರೆ."

ಆ ಮಾತು ನಾಟಿತು. ಮರುದಿನ ಐರಿನ್ ಚಕ್ಕುಲಿ ಕರಿದಳು. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ತವರೂರು ಬಜಪೆಯಲ್ಲಿ ತಾಯಿ ಕಲಿಸಿದ್ದರು. ವಾಕರಿಗೂ ಒಂದು ಬುಟ್ಟಿ ಇತ್ತಲ್ಲ. ಸ್ಟೀಲ್ ಡಬ್ಬಿ ತುಂಬಿ ಅದರಲ್ಲಿಟ್ಟು ಬಸ್ಸು ಹತ್ತಿದಳು.

ಡಿಪೋದ ಲೆನ್ನಾರ್ಟ್ ಡಬ್ಬಿ ನೋಡಿ, ಮರೆತಿದ್ದೀರಿ ಎಂದು ಹಿಂದೆ ಕೊಡಲು ಬಂದ. ಮರೆತದ್ದಲ್ಲ, ಕೊಟ್ಟದ್ದು ಎಂದು ತಿಳಿಹೇಳುವಷ್ಟರಲ್ಲಿ ಐರಿನ್‌ಗೆ ಸಾಕುಬೇಕಾಯಿತು. ಫಿಕಾಗೆ, ಅಂದರೆ ಕಾಫಿ ಬಿಡುವಿಗೆ, ಆಯಿತೆಂದು ಅವನು ಚಕ್ಕುಲಿಯನ್ನು ತಟ್ಟೆಗೆ ಸುರಿದುಕೊಂಡ. ಇನ್ನು ವಾಕರನ್ನು ಏನು ಮಾಡುತ್ತೀರಿ ಎಂದು ಅವಳು ಕೇಳಿದಳು. ತೊಳೆಯುತ್ತೇವೆ, ಬ್ರೇಕ್ ನೋಡುತ್ತೇವೆ, ಹಳೆಯ ಹಿಡಿಕೆ ಕಿತ್ತೆಸೆದು ಹೊಸತು ಹಾಕುತ್ತೇವೆ ಎಂದ.

"ಎಸೆಯೋ ಹಿಡಿಕೆ ನನಗೆ ಕೊಡ್ತೀರಾ?" ಎಂದಳು ಐರಿನ್. "ಎಡಗಡೇದು ಸಾಕು."

ಲೆನ್ನಾರ್ಟ್ ತಲೆಯಾಡಿಸಿದ. ವಾಕರನ್ನು ತಳ್ಳಿಕೊಂಡು ಒಳಗೆ ಹೋದವನು ಸ್ವಲ್ಪ ಹೊತ್ತಿಗೆ ಮರಳಿ, ಮುಚ್ಚಿದ ಡಬ್ಬಿಯನ್ನು ಅವಳ ಕೈಗಿಟ್ಟ. ಡಬ್ಬಿ ಬರಿದಾಗಿರಲಿಲ್ಲ. ಮನೆಯ ಸ್ಟಾಪು ಬರುವ ತನಕ ಐರಿನ್ ಅದರೊಳಗಿನ ಹಿಡಿಕೆಯ ಗುಳಿಯಲ್ಲಿ ಹೆಬ್ಬೆರಳಿಟ್ಟುಕೊಂಡೇ ಬಸ್ಸಿನಲ್ಲಿ ಕೂತಿದ್ದಳು.